ಚತುರ್ದಶಿಯ ಓಟಿಪಿ

“ಅಕ್ಕಾ, ಇವತ್ತು ಸರ್ವರ್ ತುಂಬ ಸ್ಲೋ. ನಾಳೆ ಬಾ,” ಅಂದ ನಿತಿನ್. ಮಾತಾಡುವಾಗ ಅವನ ಕಣ್ಣು ಕಂಪ್ಯೂಟರಿನ ಮೇಲೇ ಇತ್ತು.

ನಾನು ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತೆ. ಕಮಲಾವತಿ ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿದೆ.

“ಸ್ಲೋ ಆದ್ರೆ ಕಾಯ್ತೀವಿ ಬಿಡು. ನಮಗೇನು ಅವಸರ?”

ಸುಳ್ಳು ಹೇಳಿದೆ. ಅಣ್ಣನ ಚಿತೆಗೆ ಬೆಂಕಿ ಇಟ್ಟ ದಿನದಿಂದ ನನಗಿರುವುದು ಒಂದೇ ಅವಸರ. ಈ ನಿತಿನ್‌ನ ಕೈಗೆ ಕೋಳ ಬೀಳಬೇಕು. ಅದನ್ನು ನಾನು ಹತ್ತಿರದಿಂದ ನೋಡಬೇಕು. ಸಾಧ್ಯವಾದರೆ ಆ ಹೊತ್ತಿನಲ್ಲಿ ಅವನ ಕಣ್ಣಲ್ಲಿ ಕಣ್ಣಿಟ್ಟು ನಗಬೇಕು.

ಚಿಕ್ಕಪ್ಪನ ಮಗ ಅನ್ನುವ ಮಮತೆಯೆಲ್ಲ ನನ್ನಲ್ಲಿ ಎಂದೋ ಇಂಗಿಹೋಗಿದೆ.

ಆಫೀಸಿನ ಹೊರಗೆ ಮೆಟ್ಟಿಲ ತುಂಬ ಜನ. ವಯನಾಡಿನ ಪನಮರಂ ಪೇಟೆಯ ಅರ್ಧ ಅಂಗಡಿಗಳ ಯಜಮಾನರು ಬಿಲ್ಲು ತುಂಬಿದ ಪ್ಲಾಸ್ಟಿಕ್ ಕವರು ಹಿಡಿದು ನಿಂತಿದ್ದರು. ಜಿಎಸ್‌ಟಿ ರಿಟರ್ನಿನ ಇಪ್ಪತ್ತನೇ ತಾರೀಖು ಹತ್ತಿರ ಬಂದರೆ ಪ್ರತಿ ತಿಂಗಳೂ ಇದೇ ನೂಕುನುಗ್ಗಲು. ಅವರ ನಡುವೆ ಮೇಷ್ಟರೊಬ್ಬರು, ಜುಲೈ ಮೂವತ್ತೊಂದಕ್ಕೆ ಆದಾಯ ತೆರಿಗೆ ರಿಟರ್ನ್ ಹಾಕುವುದು ತಪ್ಪಿಹೋಯಿತು, ದಂಡ ಕಟ್ಟಿದರೆ ಸಾಕೋ ಇನ್ನೇನಾದರೂ ಇದೆಯೋ ಎಂದು ಬಾಗಿಲಲ್ಲಿ ಇಣುಕಿ ಇಣುಕಿ ಕೇಳುತ್ತಿದ್ದರು.

ಗೋಡೆಯ ಮೇಲೆ ದೊಡ್ಡ ಬೋರ್ಡು. ಯಾವ ತಾರೀಖಿಗೆ ಯಾವ ರಿಟರ್ನು, ತಪ್ಪಿದರೆ ದಿನಕ್ಕೆಷ್ಟು ದಂಡ, ಎಲ್ಲ ಕೆಂಪು ಮಲಯಾಳಂ ಅಕ್ಷರದಲ್ಲಿ. ನಿತಿನ್‌ಗೆ ಹೆಂಡತಿಯ ಹುಟ್ಟಿದ ದಿನ ನೆನಪಿರುತ್ತದೋ ಇಲ್ಲವೋ, ಈ ಬೋರ್ಡು ಮಾತ್ರ ನಿದ್ದೆಯಲ್ಲೂ ಬಾಯಿಪಾಠ. ಅದೇ ಅವನ ಹೊಟ್ಟೆಪಾಡು.

“ಬಾಗಿಲು ಹಾಕು. ಒಳಗಿನ ಮಾತು ಪೇಟೆಗೆಲ್ಲ ಯಾಕೆ?” ಅಂದೆ.

ಅವನು ಎದ್ದು ಮೇಷ್ಟರಿಗೆ ಕೈ ಮುಗಿದು, ಬಾಗಿಲು ಮುಚ್ಚಿ ಬಂದ. ಬರುವಾಗ ಅತ್ತಿಗೆಯ ಕಡೆ ಒಮ್ಮೆ ನೋಡಿದ. ಅತ್ತಿಗೆ ತಲೆ ಎತ್ತಲಿಲ್ಲ.

ಅವರಿಗೆ ಇವತ್ತು ಚತುರ್ದಶಿಯ ಮೌನ. ಅಣ್ಣ ಪ್ರತಿ ಚತುರ್ದಶಿಗೆ ಉಪವಾಸದ ಜೊತೆ ಮೌನವನ್ನೂ ಹಿಡಿಯುತ್ತಿದ್ದ. ಅವನು ಹೋದ ಮೇಲೆ ಆ ವ್ರತವನ್ನು ಅತ್ತಿಗೆ ಹಿಡಿದಿದ್ದಾರೆ. ಬೆಳಿಗ್ಗೆ ಬಸದಿಗೆ ಹೋಗಿ, ಅಲ್ಲಿಂದಲೇ ನನ್ನ ಜೊತೆ ಬಂದಿದ್ದರು. ತೊಡೆಯ ಮೇಲೆ ಬಟ್ಟೆಯ ಚೀಲ, ಅದರೊಳಗೆ ದೇವರಿಗೆ ಅಕ್ಕಿ ಒಯ್ಯುವ ಡಬ್ಬಿ. ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು ಕೂತಿದ್ದರು.

ಬಸದಿಯ ಮೆಟ್ಟಿಲಿನ ಹತ್ತಿರ ನಾನು ಅವರಿಗೆ ಹೇಳಿದ್ದೆ: “ಅತ್ತಿಗೆ, ಇವತ್ತು ಅವನನ್ನ ಬಿಡಲ್ಲ. ನಿಮ್ಮ ತಾಳಿ ಕಿತ್ತವನಿಗೆ ನಿಮ್ಮ ಎದುರಿಗೇ ನೀರು ಕುಡಿಸ್ತೀನಿ.” ಅವರು ನನ್ನ ಕೈ ಹಿಡಿದು, ಬೇಡ ಅನ್ನುವಂತೆ ತಲೆ ಆಡಿಸಿದ್ದರು.

ಅವರದು ಮೊದಲಿನಿಂದಲೂ ಅದೇ ರಾಗ. ಕ್ಷಮಿಸಿಬಿಡು ಅರ್ಚನಾ, ಹೋದ ಜೀವ ಬರಲ್ಲ. ನನಗೆ ಆ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕ್ಷಮೆ ಕೇಳುವವನಾದರೂ ಒಬ್ಬ ಬೇಕಲ್ಲ?

ಆದರೂ ಜೊತೆಗೆ ಬಂದರು. ಅದೇ ಸಾಕು ಅಂದುಕೊಂಡೆ.

ಹೋದ ತಿಂಗಳು ಇಪ್ಪತ್ತೊಂದರ ಬೆಳಿಗ್ಗೆ, ಚೇಕಾಡಿಯ ನಮ್ಮ ಗದ್ದೆಯ ಪಕ್ಕದ ನೀರಿನ ತೋಡಿನಲ್ಲಿ ಅಣ್ಣ ಭರತೇಶನ ದೇಹ ಸಿಕ್ಕಿತು. ನಾಟಿಗೆ ನೀರು ನೋಡಲು ಹೋದವನು ಉಪವಾಸದ ತಲೆಸುತ್ತಿಗೆ ಬದುವಿನಿಂದ ಜಾರಿದ ಎಂದು ಪೊಲೀಸರು ಬರೆದರು. ತಣ್ಣೀರಿನಲ್ಲಿ ಬಹಳ ಹೊತ್ತು ಇದ್ದ ದೇಹ, ಸತ್ತ ಹೊತ್ತು ಖಚಿತವಾಗಿ ಹೇಳಲಾಗದು ಎಂದು ಡಾಕ್ಟರು ಕೈಚೆಲ್ಲಿದರು.

ಹಾಗಾಗಿ ಆ ಹೊತ್ತನ್ನು ಹೇಳಿದ್ದು ನಿತಿನ್. ಇದನ್ನು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಇಪ್ಪತ್ತರ ಮಧ್ಯಾಹ್ನ ಅವನು ವಯನಾಡಿನಲ್ಲೇ ಇದ್ದ. ಸಂಜೆ ಅವನ ಕಾರು ಕಾಡಿನ ಗಡಿಯ ಮುತ್ತಂಗ ಚೆಕ್‌ಪೋಸ್ಟ್ ದಾಟಿತು. ಅಲ್ಲಿನ ಕ್ಯಾಮೆರಾದಲ್ಲಿ ಅದು ಇದೆ. ಗುಂಡ್ಲುಪೇಟೆಯಲ್ಲಿ ಸ್ನೇಹಿತನ ಮನೆಯಲ್ಲಿ ಕೂತು, ಲ್ಯಾಪ್‌ಟಾಪಿನಿಂದ ಅಣ್ಣನ ಜಿಎಸ್‌ಟಿ ರಿಟರ್ನ್ ಹಾಕಿದ. ಓಟಿಪಿ ಬಂತು. “ವಾಟ್ಸಾಪಲ್ಲಿ ಕಾಲ್ ಮಾಡಿದೆ, ಅಣ್ಣನೇ ಓಟಿಪಿ ಓದಿ ಹೇಳಿದ” ಎಂದು ಹೇಳಿಕೆ ಕೊಟ್ಟ. ಹೊತ್ತು ಮುಳುಗುವಾಗ ರಿಟರ್ನ್ ಹೋಯಿತು. ಅಂದರೆ ಹೊತ್ತು ಮುಳುಗುವಾಗ ಅಣ್ಣ ಬದುಕಿದ್ದ. ಅಷ್ಟರಲ್ಲಿ ನಿತಿನ್ ಗಡಿಯಾಚೆ. ರಾತ್ರಿ ಕಾಡಿನ ಗೇಟು ಮುಚ್ಚುವವರೆಗೂ ಅವನ ಕಾರು ಮರಳಲಿಲ್ಲ, ಮುಚ್ಚಿದ ಮೇಲೆ ಆ ರಸ್ತೆಯಲ್ಲಿ ಯಾರ ಗಾಡಿಯನ್ನೂ ಬಿಡುವುದಿಲ್ಲ. ಅವನು ವಾಪಸು ಬಂದು ಅಣ್ಣನನ್ನು ಮುಟ್ಟುವ ಪ್ರಶ್ನೆಯೇ ಇಲ್ಲ.

ಅಣ್ಣನ ಫೋನು ಸಿಗಲಿಲ್ಲ. ತೋಡಿನ ನೀರಲ್ಲಿ ಹೋಗಿದೆ ಎಂದು ಅದನ್ನೂ ಬರೆದು ಮುಗಿಸಿದರು.

ನಾನು ಕಲ್ಪೆಟ್ಟದಲ್ಲಿ ವಿಮೆ ಕಂಪನಿಗೆ ಕೆಲಸ ಮಾಡುವವಳು. ಸುಟ್ಟ ಗೋದಾಮು, ಸತ್ತ ಹಸು, ಹಳ್ಳಕ್ಕೆ ಬಿದ್ದ ಜೀಪು, ಇವುಗಳಲ್ಲಿ ಯಾವುದು ನಿಜ ಯಾವುದು ನಾಟಕ ಎಂದು ಮೂಸಿ ನೋಡುವುದೇ ನನ್ನ ಅನ್ನ. ನನ್ನ ಅನುಭವದಲ್ಲಿ ನಿಜವಾದ ಕಥೆಗಳಿಗೆ ಎಲ್ಲಾದರೂ ಒಂದು ತೂತು ಇರುತ್ತದೆ. ನಿತಿನ್‌ನ ಕಥೆಯಲ್ಲಿ ತೂತೇ ಇರಲಿಲ್ಲ. ಅದಕ್ಕೇ ನಾನು ಅವನ ಬೆನ್ನು ಬಿಡಲಿಲ್ಲ.

ನಿನ್ನೆ ಅಣ್ಣನ ಕಾಳುಮೆಣಸಿನ ಅಂಗಡಿಯ ಪಕ್ಕದ ಹಾರ್ಡ್‌ವೇರ್ ರತೀಶನ ಹತ್ತಿರ ಕೂತು ಚಹಾ ಕುಡಿಯುತ್ತಿದ್ದೆ. ಅವನೂ ನಿತಿನ್‌ನ ಗಿರಾಕಿ. ಮಾತಿನ ನಡುವೆ, ನೀನು ರಿಟರ್ನಿನ ಓಟಿಪಿ ನಿತಿನ್‌ಗೆ ಹೇಗೆ ಕೊಡ್ತೀಯ ಎಂದು ಸುಮ್ಮನೆ ಕೇಳಿದೆ.

“ನಾನೆಲ್ಲಿ ಕೊಡೋದು ಚೇಚಿ?” ಮಲಯಾಳದಲ್ಲಿ ನನ್ನನ್ನು ಅಕ್ಕ ಅಂದು ರತೀಶ ನಕ್ಕ. “ಓಟಿಪಿ ನನಗೆ ಬರೋದೇ ಇಲ್ಲ. ಅವನ ಫೋನಿಗೇ ಬರುತ್ತೆ.”

“ನಿನ್ನ ಅಂಗಡಿಯ ಓಟಿಪಿ ಅವನ ಫೋನಿಗಾ?”

“ಈ ಬಜಾರಲ್ಲಿ ಎಲ್ಲರದ್ದೂ ಹಾಗೇ. ರಿಜಿಸ್ಟ್ರೇಷನ್ ಮಾಡೋವಾಗಲೇ ನಂಬರ್ ಅವನದ್ದು ಕೊಟ್ಟುಬಿಟ್ಟಿದ್ದೀವಿ. ವ್ಯಾಪಾರದ ಹೊತ್ತಲ್ಲಿ ಓಟಿಪಿ ನೋಡ್ತಾ ಯಾರು ಕೂರ್ತಾರೆ? ಇಪ್ಪತ್ತರ ಒಳಗೆ ಕೆಲಸ ಆಗಬೇಕು, ಅಷ್ಟೇ. ಪಾಸ್‌ವರ್ಡ್ ಕೂಡ ನನಗೆ ಗೊತ್ತಿಲ್ಲ.”

ಚಹಾದ ಲೋಟ ನನ್ನ ಕೈಯಲ್ಲೇ ತಣ್ಣಗಾಯಿತು.

ಇಡೀ ಪೇಟೆ ತನ್ನ ಬೀಗದ ಕೈಯನ್ನು ಒಬ್ಬನ ಜೇಬಿಗೆ ಹಾಕಿ ನಿಶ್ಚಿಂತೆಯಿಂದ ಕೂತಿದೆ. ತಪ್ಪು ಎಂದು ಯಾರಿಗೂ ಅನಿಸಿಲ್ಲ, ಯಾಕೆಂದರೆ ಎಲ್ಲರೂ ಅದನ್ನೇ ಮಾಡಿದ್ದಾರೆ. ಪೊಲೀಸರಿಗೂ ಅನುಮಾನ ಬರಲಿಲ್ಲ. ಅವರವರ ಓಟಿಪಿ ಅವರವರ ಫೋನಿಗೆ ಬರುತ್ತದೆ, ಇದರಲ್ಲಿ ಕೇಳುವುದೇನು?

ಅಣ್ಣನ ಓಟಿಪಿಯೂ ನಿತಿನ್‌ನ ಫೋನಿಗೇ ಬಂದಿದ್ದರೆ, ಅಣ್ಣ ಅದನ್ನು ಓದಿ ಹೇಳಬೇಕಾಗೇ ಇರಲಿಲ್ಲ. ಅವನು ಆಗ ಬದುಕಿರಬೇಕಾಗಿಯೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಇನ್ಸ್‌ಪೆಕ್ಟರ್ ಸಜೀವ್ ಅವರಿಗೆ ಇಷ್ಟನ್ನೂ ಹೇಳಿದೆ. ಅವರು ಮುತ್ತಂಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಕನ್ನಡ ಕಲಿತವರು. ಕೇಳಿ ಕೇಳಿ ಮೀಸೆ ಸವರಿಕೊಂಡರು.

“ಚೇಚಿ, ಫೈಲು ಇವತ್ತು ಕ್ಲೋಸ್ ಆಗಿ ಮೇಲೆ ಹೋಗ್ತದೆ. ನೀವು ಹೇಳೋದು ಅನುಮಾನ. ಆದ್ರೆ ಆ ಓಟಿಪಿ ಅವನ ಫೋನಲ್ಲಿ ನಾನು ಕಣ್ಣಾರೆ ನೋಡಿದ್ರೆ, ಫೈಲು ನಿಲ್ಲಿಸ್ತೀನಿ. ಇಲ್ಲಾಂದ್ರೆ ನನ್ನ ಹತ್ತಿರ ಮತ್ತೆ ಬರಬೇಡಿ.”

ಈಗ ಅವರು ಎದುರಿನ ಚಹಾದಂಗಡಿಯಲ್ಲಿ ಮಫ್ತಿಯಲ್ಲಿ ಕೂತಿದ್ದಾರೆ. ನಾನು ಮಿಸ್ಡ್ ಕಾಲ್ ಕೊಟ್ಟರೆ ಮೆಟ್ಟಿಲು ಹತ್ತಿ ಬರುತ್ತಾರೆ. ಇವತ್ತು ತಪ್ಪಿದರೆ ನಿತಿನ್ ಜನ್ಮಪೂರ್ತಿ ಈ ಕುರ್ಚಿಯಲ್ಲಿ ಕೂತು ಊರಿನ ರಿಟರ್ನ್ ಹಾಕಿಕೊಂಡಿರುತ್ತಾನೆ.

“ಏನು ಕೆಲಸ ಅಕ್ಕಾ?” ನಿತಿನ್ ಕೇಳಿದ.

“ಅಣ್ಣನ ವ್ಯಾಪಾರ ಅತ್ತಿಗೆ ಹೆಸರಿಗೆ ಮಾಡಿಸಬೇಕು. ಅದಕ್ಕೆ ಮೊದಲು ಬಾಕಿ ರಿಟರ್ನ್ ಹಾಕಬೇಕಂತೆ. ಇಪ್ಪತ್ತು ದಾಟಿದ್ರೆ ದಂಡ ಅಂತ ನಿನ್ನ ಬೋರ್ಡೇ ಹೇಳ್ತಿದೆಯಲ್ಲ? ಅಂಗಡಿ ಬಾಗಿಲು ಹಾಕಿದೆ, ವ್ಯಾಪಾರ ಏನೂ ಇಲ್ಲ. ಸೊನ್ನೆ ರಿಟರ್ನ್. ನಿನಗೆ ಎಡಗೈ ಕೆಲಸ.”

“ಅದನ್ನ ನಾನು ನೋಡ್ಕೊಳ್ತೀನಿ. ನೀವು ಮನೆಗೆ ಹೋಗಿ.”

“ನಮ್ಮ ಎದುರಿಗೇ ಹಾಕು.”

“ಅತ್ತಿಗೆ ಪಾಪ ಉಪವಾಸ ಇದ್ದಾರೆ. ಇಲ್ಲಿ ಯಾಕೆ ಕಾಯಬೇಕು?”

“ಅತ್ತಿಗೆ ಉಪವಾಸ ನಿನಗೆ ಗೊತ್ತಾ? ಪರವಾಗಿಲ್ವೇ. ಬಸದಿ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿರಬೇಕು ಹಾಗಾದ್ರೆ.”

ಅವನ ಮುಖ ಕೆಂಪಾಯಿತು. ನನಗೆ ಖುಷಿಯಾಯಿತು. ಇಂಥ ಸಣ್ಣ ಸಣ್ಣ ಖುಷಿಗಳ ಮೇಲೇ ನಾನು ಈ ತಿಂಗಳು ಕಳೆದಿದ್ದೇನೆ.

ಅವನು ಕೀಬೋರ್ಡ್ ಎಳೆದುಕೊಂಡ. ಪೋರ್ಟಲ್ ತೆರೆದುಕೊಳ್ಳುವ ಹೊತ್ತಿಗೆ ಪರದೆಯ ನಡುವೆ ಒಂದು ಚಕ್ರ ತಿರುಗತೊಡಗಿತು. ಊರಿನ ಎಲ್ಲ ಕನ್ಸಲ್ಟೆಂಟರೂ ಇದೇ ದಿನಗಳಲ್ಲಿ ಮುಗಿಬೀಳುವುದರಿಂದ ಅದು ತಿರುಗುತ್ತಲೇ ಇರುತ್ತದೆ. ನನಗೆ ಬೇಕಾದಷ್ಟು ಸಮಯ ಸಿಕ್ಕಿತು.

“ನಿತಿನ್, ಅಣ್ಣ ಯಾವತ್ತಾದ್ರೂ ಇಪ್ಪತ್ತನೇ ತಾರೀಖಿನವರೆಗೆ ಕಾದಿದ್ದುಂಟಾ?”

“ಯಾಕಕ್ಕಾ?”

“ಕೇಳಿದ್ದಕ್ಕೆ ಹೇಳು.”

“ಇಲ್ಲ. ಹನ್ನೆರಡು ಹದಿಮೂರಕ್ಕೆಲ್ಲ ಮುಗಿಸ್ತಿದ್ದ. ಹಾಕಿದ್ಯಾ, ಹಾಕಿದ್ಯಾ ಅಂತ ನನ್ನ ಪ್ರಾಣ ತಿಂತಿದ್ದ.”

“ಮತ್ತೆ ಹೋದ ತಿಂಗಳು ಕೊನೇ ದಿನ, ಅದೂ ಹೊತ್ತು ಮುಳುಗೋವಾಗ ಯಾಕೆ?”

“ಯಾವುದೋ ಬಿಲ್ಲು ಸರಿ ಇರಲಿಲ್ಲ. ನೋಡ್ತಿದ್ವಿ.”

“ಯಾವುದೋ ಬಿಲ್ಲಾ? ಬಳ್ಳಿಯಲ್ಲೇ ಹುಟ್ಟದ ಮೆಣಸಿನ ಬಿಲ್ಲಾ?”

ಅವನ ಬೆರಳು ನಿಂತಿತು.

ಅಣ್ಣನ ಹೆಸರಿನಲ್ಲಿ, ಅಣ್ಣನಿಗೇ ತಿಳಿಯದಂತೆ, ಇಲ್ಲದ ಕಾಳುಮೆಣಸನ್ನು ಯಾರಿಗೋ ಮಾರಿದಂತೆ ಬಿಲ್ಲು ಹೋಗಿತ್ತು. ಪಾಸ್‌ವರ್ಡ್ ಇದ್ದವನು ನಿತಿನ್ ಒಬ್ಬನೇ. ಅಣ್ಣನಿಗೆ ಅದು ಗೊತ್ತಾಗಿ, ಈ ತಿಂಗಳ ರಿಟರ್ನ್ ಹಾಕಬೇಡ, ನಾನೇ ಇಲಾಖೆಗೆ ಹೋಗಿ ಹೇಳ್ತೀನಿ ಅಂದಿದ್ದ. ಅಣ್ಣ ಇದನ್ನು ನನಗೂ ಹೇಳಿದ್ದ ಎಂದು ನಿತಿನ್‌ಗೆ ಈ ಕ್ಷಣದವರೆಗೆ ಗೊತ್ತಿರಲಿಲ್ಲ.

“ಅಣ್ಣ ಹಾಕಬೇಡ ಅಂದ. ನಿನಗೆ ಇಪ್ಪತ್ತರೊಳಗೆ ಹಾಕಲೇಬೇಕಿತ್ತು. ರಿಟರ್ನ್ ನಿಂತ್ರೆ ನೋಟಿಸ್ ಬರುತ್ತೆ. ನೋಟಿಸ್ ಬಂದ್ರೆ ನಿನ್ನ ಮೆಣಸು ಹೊರಗೆ ಬರುತ್ತೆ.”

“ಬಿಲ್ಲಿನ ವಿಷಯ ಬೇರೆ,” ಅವನ ದನಿ ಇಳಿಯಿತು. “ತಪ್ಪು ಮಾಡಿದೀನಿ, ಒಪ್ಪಿಕೊಳ್ತೀನಿ. ಆದ್ರೆ ರಿಟರ್ನ್ ಹಾಕೋಕೆ ಓಟಿಪಿ ಸಿಕ್ಕಿತು ಅಕ್ಕಾ. ಫೋನಲ್ಲಿ ಹೇಳಿದ್ದಕ್ಕೇ ನಾನು ಹಾಕಿದ್ದು.”

“ಯಾರು ಹೇಳಿದ್ದು?”

“ಅಣ್ಣ.”

“ಬಾಯಿ ಬಿಟ್ಟು ಹೇಳಿದನಾ?”

ಅವನು ಉತ್ತರ ಕೊಡುವ ಮೊದಲು ಮತ್ತೊಮ್ಮೆ ಅತ್ತಿಗೆಯ ಕಡೆ ನೋಡಿದ. ಗಂಡನನ್ನು ಕಳೆದುಕೊಂಡವಳ ಮುಖ ನೋಡಿ ಸುಳ್ಳು ಹೇಳಲು ಕಷ್ಟವಾಗುತ್ತಿದೆ ಎಂದು ನಾನು ತಿಳಿದೆ. ಆಗಲಿ, ಇನ್ನೂ ಕಷ್ಟವಾಗಲಿ.

“ಹೂಂ. ಹೇಳಿದ.”

ಇದಕ್ಕೇ ನಾನು ಕಾಯುತ್ತಿದ್ದೆ.

“ಅವತ್ತು ಚತುರ್ದಶಿ, ನಿತಿನ್.”

ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

“ಚಾತುರ್ಮಾಸದ ಮೊದಲ ಚತುರ್ದಶಿ. ನೀನು ತಾರೀಖು ನೆನಪಿಟ್ಟುಕೊಂಡೆ, ತಿಥಿ ಮರೆತೆ. ನಮ್ಮ ಮನೆಯಲ್ಲಿ ಹುಟ್ಟಿದವನು ನೀನು! ಅಣ್ಣ ಚತುರ್ದಶಿಗೆ ಏನು ಮಾಡ್ತಿದ್ದ? ಫೋನ್ ಆಫ್ ಮಾಡಿ ದೇವರ ಕೋಣೆಯ ಅಕ್ಕಿ ಡಬ್ಬಿಯಲ್ಲಿ ಇಡ್ತಿದ್ದ. ಮಾರನೇ ದಿನ ಪೂಜೆ ಮುಗಿಯೋವರೆಗೂ ಒಂದಕ್ಷರ ಮಾತಾಡ್ತಿರಲಿಲ್ಲ.”

“ಅರ್ಜೆಂಟ್ ಇದ್ದಾಗ ಯಾರಾದ್ರೂ ಮೌನ ಮುರೀತಾರೆ ಅಕ್ಕಾ.”

“ಅಪ್ಪ ಆಸ್ಪತ್ರೆಯಲ್ಲಿ ಕೊನೇ ಉಸಿರು ಎಳೀತಿದ್ದಾಗಲೂ ಅಣ್ಣ ಸ್ಲೇಟಲ್ಲಿ ಬರೆದು ತೋರಿಸಿದವನು. ಅಪ್ಪನಿಗೋಸ್ಕರ ಬಿಡದ ಬಾಯಿ ನಿನ್ನ ಕಳ್ಳ ರಿಟರ್ನಿಗೆ ಬಿಡ್ತಾನಾ?”

ಉಪವಾಸ ಇತ್ತು, ಅದಕ್ಕೇ ತಲೆಸುತ್ತಿ ಬಿದ್ದ ಎಂದು ಪೊಲೀಸರು ಥಟ್ಟನೆ ನಂಬಿದರು. ಅದೇ ವ್ರತದ ಇನ್ನರ್ಧ ಮೌನ ಎಂದು ನಾನು ಹೇಳಿದಾಗ, ಅದೆಲ್ಲ ನಂಬಿಕೆಯ ವಿಷಯ ಎಂದು ತಲೆ ಕೊಡವಿದರು. ನನ್ನ ಎದೆಯಲ್ಲಿ ಆ ದಿನದ ಸಿಟ್ಟು ಹಾಗೇ ಕೂತಿತ್ತು. ಈಗ ಎಲ್ಲ ಒಟ್ಟಿಗೆ ಹೊರಬಂತು.

“ಅಣ್ಣ ಓಟಿಪಿ ಹೇಳಲಿಲ್ಲ. ಹೇಳೋ ಅಗತ್ಯವೇ ಇರಲಿಲ್ಲ. ಈ ಪೇಟೆಯ ಎಲ್ಲರ ಓಟಿಪಿ ನಿನ್ನ ಫೋನಿಗೆ ಬರುತ್ತೆ ಅಂತ ನನಗೆ ಗೊತ್ತಾಗಿದೆ. ಮಧ್ಯಾಹ್ನ ಚೇಕಾಡಿಗೆ ಹೋದೆ. ಅಣ್ಣನನ್ನ ಮುಗಿಸಿದೆ. ಸಂಜೆ ಗೇಟ್ ದಾಟಿ ಗುಂಡ್ಲುಪೇಟೆಯಲ್ಲಿ ಕೂತು, ಸತ್ತವನ ಹೆಸರಲ್ಲಿ ರಿಟರ್ನ್ ಹಾಕಿ ಅವನನ್ನ ಇನ್ನಷ್ಟು ಹೊತ್ತು ಬದುಕಿಸಿದೆ.”

“ಇಲ್ಲ!” ಅವನು ಎದ್ದು ನಿಂತ. “ಚೇಕಾಡಿಗೆ ನಾನು ಹೋಗೇ ಇಲ್ಲ. ಜಿನದೇವರಾಣೆ.”

“ಆಣೆ ಬೇಡ. ರಿಟರ್ನ್ ಹಾಕು.”

“ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಇವತ್ತು ಬೇಡ. ಅತ್ತಿಗೆ ಎದುರಿಗಂತೂ ಬೇಡ.”

“ಯಾಕೆ? ನಾಚಿಕೆಯಾ?”

ಅವನ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ಹೊರಗೆ ಆಗಸ್ಟಿನ ಥಂಡಿ, ಒಳಗೆ ಫ್ಯಾನು ಕೂಡ ತಿರುಗುತ್ತಿತ್ತು. ಇಂಥ ಬೆವರನ್ನು ನಾನು ಎಷ್ಟು ಸುಳ್ಳು ಕ್ಲೈಮುಗಳ ಎದುರು ನೋಡಿದ್ದೇನೆ. ಮೀನು ಗಾಳ ಕಚ್ಚಿದೆ ಅಂದುಕೊಂಡೆ.

“ನೀನು ಹಾಕದಿದ್ರೆ ಈಗಲೇ ಬಾಗಿಲು ತೆಗೆದು, ಮೆಟ್ಟಿಲ ಮೇಲೆ ನಿಂತಿರೋ ಪ್ರತಿಯೊಬ್ಬರಿಗೂ ಅವರ ಹೆಸರಲ್ಲಿ ಎಷ್ಟು ಮೆಣಸು ಮಾರಾಟ ಆಗಿದೆ ಕೇಳಿ ಅಂತೀನಿ. ಆಮೇಲೆ ಅವರು ನಿನ್ನ ಏನು ಮಾಡ್ತಾರೋ ನನಗೆ ಗೊತ್ತಿಲ್ಲ.”

ಅವನು ಕೂತ. ಬಹಳ ಹೊತ್ತು ಅತ್ತಿಗೆಯನ್ನೇ ನೋಡಿದ. ಅತ್ತಿಗೆ ಮೊದಲ ಸಲ ಕಣ್ಣೆತ್ತಿ, ಹೂಂ ಅನ್ನುವಂತೆ ಮೆಲ್ಲಗೆ ತಲೆ ಬಾಗಿಸಿದರು.

ನನಗೆ ಅತ್ತಿಗೆಯ ಮೇಲೆ ಅಭಿಮಾನ ಉಕ್ಕಿತು. ಕ್ಷಮೆ ಕ್ಷಮೆ ಅನ್ನುತ್ತಿದ್ದವರು ಕೊನೆಗೂ ನನ್ನ ಪಕ್ಷಕ್ಕೆ ಬಂದರಲ್ಲ.

ನಿತಿನ್ ಬಳಕೆದಾರನ ಹೆಸರು ಹೊಡೆದ, ಪಾಸ್‌ವರ್ಡ್ ಹೊಡೆದ. ಮೇಲುಗಡೆ ಅಣ್ಣನ ಅಂಗಡಿಯ ಹೆಸರು ಮೂಡಿತು. ಮನುಷ್ಯ ಬೂದಿಯಾದರೂ ಪೋರ್ಟಲ್ಲಿನಲ್ಲಿ ಅವನ ಬಾಕಿ ಹಾಗೇ ಇತ್ತು. ಜುಲೈ ತಿಂಗಳು, ಸಲ್ಲಿಸಿಲ್ಲ, ಕೊನೆಯ ದಿನಾಂಕ 20.

ಅವನು ಎಲ್ಲ ಕಡೆ ಸೊನ್ನೆ ಹಾಕುತ್ತಾ ಹೋದ. ಚಕ್ರ ತಿರುಗಿತು. ನಿಂತಿತು. ಮತ್ತೆ ತಿರುಗಿತು. ಅವನ ಎರಡೂ ಫೋನುಗಳನ್ನು ನಾನು ಮೇಜಿನ ನಡುವೆ ತೆಗೆದಿಡಿಸಿದೆ. ಪರದೆ ಮೇಲ್ಮುಖವಾಗಿಸಿ, ದನಿ ಪೂರ್ತಿ ಏರಿಸಿ.

“ಇನ್ನು ಓಟಿಪಿ ಕಳಿಸೋದೊಂದೇ ಬಾಕಿ,” ಅಂದ. ದನಿ ಸತ್ತುಹೋಗಿತ್ತು.

“ಕಳಿಸು.”

“ಅಕ್ಕಾ...”

“ಕಳಿಸು ಅಂದೆ.”

ಅವನ ಬೆರಳು ಮೌಸನ್ನು ಒತ್ತಿತು. ಅದೇ ಕ್ಷಣಕ್ಕೆ ಮೇಜಿನ ಕೆಳಗೆ ನನ್ನ ಬೆರಳೂ ಸಜೀವ್ ಅವರ ನಂಬರನ್ನು ಒತ್ತಿತು. ಎರಡು ಸಲ ರಿಂಗಾಗಲು ಬಿಟ್ಟು ಕತ್ತರಿಸಿದೆ. ಕಾಯಬೇಕಿತ್ತು. ಯಾವ ಫೋನು ಸದ್ದು ಮಾಡುತ್ತದೆ ಎಂದು ಕೇಳಿ ಆಮೇಲೆ ಒತ್ತಬೇಕಿತ್ತು. ಆದರೆ ಸೇಡಿಗೆ ತಾಳ್ಮೆ ಎಲ್ಲಿಂದ ಬರಬೇಕು?

ಮೇಜಿನ ಮೇಲಿನ ಫೋನುಗಳು ಎರಡೂ ಕಪ್ಪಗೆ ಬಿದ್ದಿದ್ದವು. ನಾನು ಬಾಗಿ ನೋಡಿದೆ. ಹೊರಗೆ ಮೇಷ್ಟರು ಯಾರ ಜೊತೆಗೋ ದಂಡದ ಲೆಕ್ಕ ಹೇಳುತ್ತಿದ್ದುದು ಕೇಳಿಸಿತು.

ಟಿಣ್ ಎಂದಿತು.

ಮೇಜಿನ ಮೇಲಲ್ಲ. ನನ್ನ ಪಕ್ಕದಲ್ಲಿ.

ನನಗೆ ಆ ಸದ್ದಿನ ಗುರುತು ಸಿಕ್ಕಿತು. ದೇವರ ಗಂಟೆಯಂಥ ಸದ್ದು. ಪ್ರತಿ ಸಲ ಊಟಕ್ಕೆ ಕೂತಾಗಲೂ ಅದು ಬಡಿದುಕೊಳ್ಳುವಾಗ, ಅದನ್ನ ಬದಲಾಯಿಸೋ ಮಾರಾಯ ಎಂದು ನಾನು ಅಣ್ಣನನ್ನು ಎಷ್ಟು ಸಲ ಬೈದಿದ್ದೆ.

“ಅತ್ತಿಗೆ,” ನಿತಿನ್ ಪಿಸುಗುಟ್ಟಿದ. “ತೆಗೀಬೇಡಿ. ಅತ್ತಿಗೆ, ಬೇಡ.”

ಅತ್ತಿಗೆ ಬಟ್ಟೆಯ ಚೀಲ ಬಿಚ್ಚಿದರು. ಡಬ್ಬಿಯ ಮುಚ್ಚಳ ತೆಗೆದರು. ಅಕ್ಕಿಯೊಳಗೆ ಕೈ ಇಳಿಸಿ ಅಣ್ಣನ ಫೋನನ್ನು ಹೊರಗೆ ತೆಗೆದರು. ಮೂಲೆ ಒಡೆದ ಅದೇ ಗಾಜು, ಹಿಂದೆ ಬಸದಿಯ ಜೀರ್ಣೋದ್ಧಾರದ ಅದೇ ಸ್ಟಿಕರು. ಪರದೆಯ ಮೇಲೆ ಅಂಟಿದ್ದ ಅಕ್ಕಿಕಾಳುಗಳನ್ನು ಸೆರಗಿನಿಂದ ಒರೆಸಿದರು.

ಡಬ್ಬಿಯಲ್ಲಿ ಫೋನ್ ಇರಲಿಲ್ಲ, ಅವತ್ತು ಅವರು ಅದನ್ನ ಹಿಡಿದುಕೊಂಡೇ ಗದ್ದೆಗೆ ಹೋದರು ಎಂದು ಪೊಲೀಸರಿಗೆ ಹೇಳಿದವರು ಇದೇ ಅತ್ತಿಗೆ. ನಾನು ಪಕ್ಕದಲ್ಲೇ ನಿಂತು ಕೇಳಿದ್ದೆ. ಅವರ ಕಣ್ಣೀರನ್ನು ನನ್ನ ಕೈಯಾರೆ ಒರೆಸಿದ್ದೆ.

ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಮೌನ ಮುರಿದರು.

“ನಾಲ್ಕು... ಸೊನ್ನೆ... ಏಳು...”

ಶಾಲೆಯ ಹುಡುಗಿ ಮಗ್ಗಿ ಒಪ್ಪಿಸುವಂತೆ, ಒಂದೊಂದೇ ಅಂಕಿ. ಹೀಗೆ ಓದಿ ಅಭ್ಯಾಸವಿರುವ ದನಿ. ನಿತಿನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಅಣ್ಣನೊಬ್ಬ ಮಾತ್ರ ರಿಜಿಸ್ಟ್ರೇಷನ್‌ಗೆ ತನ್ನದೇ ನಂಬರ್ ಕೊಟ್ಟಿದ್ದ. ಇಡೀ ಪೇಟೆ ಮಾಡಿದ ತಪ್ಪನ್ನು ಅವನೂ ಮಾಡಿರುತ್ತಾನೆ ಎಂದು ನಾನೇ ಅಂದುಕೊಂಡಿದ್ದೆ. ಓಟಿಪಿ ಅಣ್ಣನ ಫೋನಿಗೇ ಬಂದಿತ್ತು. ನಿತಿನ್ ಕಾಲ್ ಮಾಡಿದ್ದೂ ಅದಕ್ಕೇ. ಯಾರು ಓದಿದರು ಅನ್ನುವುದೊಂದೇ ಸುಳ್ಳು.

“ಅವತ್ತು ಓದಿ ಹೇಳಿದ್ದು ನೀವಾ?” ನನ್ನ ದನಿ ನನಗೇ ಕೇಳಿಸಲಿಲ್ಲ.

ಅತ್ತಿಗೆ ಹೌದೆಂದು ತಲೆ ಆಡಿಸಿದರು.

“ಅಣ್ಣ ಗದ್ದೆಗೆ ಹೋಗಿದ್ದ, ಇವನು ಅವಸರ ಮಾಡಿದ, ಅದಕ್ಕೆ ಹೇಳಿದ್ರಿ. ಅಷ್ಟೇ ಅಲ್ವಾ? ಆಮೇಲೆ ಹೆದರಿದ್ರಿ. ಅಷ್ಟೇ ಅಂತ ಹೇಳಿ ಅತ್ತಿಗೆ.”

ಮೆಟ್ಟಿಲ ಮೇಲೆ ಬೂಟಿನ ಸದ್ದು. ಯಾರೋ ಜನರನ್ನು ಸರಿಸಿಕೊಂಡು ಬರುತ್ತಿದ್ದರು. ನಾನೇ ಕರೆದವರು.

“ಅವತ್ತೂ, ಇವತ್ತು ಬೆಳಿಗ್ಗೆಯೂ ಈ ಫೋನ್ ಆನ್ ಮಾಡಿದ್ದು ನಾನೇ,” ಅತ್ತಿಗೆ ಅಂದರು. “ನೀನು ಇವನನ್ನ ತಿಂದುಹಾಕ್ತೀಯ ಅಂತ ಗೊತ್ತಿತ್ತು. ಬಿಲ್ಲಿನ ಪಾಪ ಇವನದು, ಅದನ್ನ ಇವನೇ ಉಣ್ಣಲಿ. ಆದ್ರೆ ಮಾಡದ್ದಕ್ಕೆ ಇವನನ್ನ ಕೊಲ್ಲಿಸೋಕೆ ನನಗಾಗಲ್ಲ ಅರ್ಚನಾ.”

“ಅಣ್ಣ ಎಲ್ಲಿದ್ದ ಆಗ?”

ಅವರು ಫೋನನ್ನು ಮೇಜಿನ ಮೇಲೆ, ನಿತಿನ್‌ನ ಫೋನುಗಳ ಪಕ್ಕದಲ್ಲಿ, ಸದ್ದಾಗದಂತೆ ಇಟ್ಟರು.

“ನಾನು ಓಟಿಪಿ ಓದಿದಾಗ ನಿಮ್ಮಣ್ಣ ಬದುಕಿರಲಿಲ್ಲ. ನಾನು ತೋಡಿನ ಹತ್ತಿರದಿಂದ ಮನೆಗೆ ಬಂದು ಆಗಲೇ ಸ್ನಾನ ಮಾಡಿ ಆಗಿತ್ತು.”

ಬಾಗಿಲು ತೆರೆಯಿತು.

ಸಜೀವ್ ಒಳಗೆ ಬಂದು ಬೆನ್ನ ಹಿಂದೆ ಬಾಗಿಲು ಮುಚ್ಚಿದರು. ಮೇಜಿನ ಮೇಲೆ ಸಾಲಾಗಿ ಮಲಗಿದ್ದ ಫೋನುಗಳನ್ನು ನೋಡಿದರು. ಅವುಗಳಲ್ಲಿ ಒಂದು ಇನ್ನೂ ಬೆಳಗುತ್ತಿತ್ತು. ಅದನ್ನು ನಿತಿನ್‌ನ ಕಡೆಗೆ ಬೆರಳಲ್ಲಿ ತಳ್ಳಿದರು. ನಿತಿನ್ ಅದನ್ನು ಮುಟ್ಟಲಿಲ್ಲ. ಅತ್ತಿಗೆ ಮತ್ತೆ ಮೌನಕ್ಕೆ ಹೋಗಿ, ಡಬ್ಬಿಯ ಮುಚ್ಚಳ ಹಾಕುತ್ತಿದ್ದರು.

“ಚೇಚಿ, ಬೆಲ್ ಅಡಿಚ್ಚೋ? ಸದ್ದು ಬಂತಾ?” ಸಜೀವ್ ಸೊಂಟದಿಂದ ಕೋಳ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಹೇಳಿ. ಯಾರ ಕೈಲಿತ್ತು ಇದು?”

ಅವರು ಕೇಳಿದ್ದು ನನ್ನನ್ನು.